ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ: ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟಲ್ ಕೇಳುವ ಇಬ್ಬರು ಟೀ ಕುಡಿಯಲು ಕೂತರೆ ಎರಡನೇ ಟೀ ಬರುವಷ್ಟರಲ್ಲಿ ಈ ಜಗಳ ಶುರುವಾಗಿರುತ್ತದೆ. 1979ರಲ್ಲಿ ಇಂಗ್ಲೆಂಡಿನಲ್ಲಿ ಎದ್ದ ಆ ಅಲೆ ಕೊನೆಗೆ ಏನು ಬಿಟ್ಟುಹೋಯಿತು? ಐರನ್ ಮೇಡನ್ ಅನ್ನುವ ಬ್ಯಾಂಡ್ ಒಂದನ್ನೇನಾ? ಅಮೆರಿಕದ ಮೆಟಾಲಿಕಾ ಬ್ಯಾಂಡಿಗೆ ಮೆಟ್ಟಿಲಾಯಿತು, ಅಷ್ಟೇನಾ? ನಾನು ಪಿಯುಸಿ ಓದುವಾಗಿನಿಂದ ಈ ಹಾಡುಗಳನ್ನು ಕೇಳುತ್ತಿದ್ದೇನೆ. ಗೆಳೆಯರು, ಗೆಳೆಯರ ಮಕ್ಕಳು, ಈಗಷ್ಟೇ ಗಿಟಾರ್ ಹಿಡಿದವರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಪಕ್ಷ ಯಾವುದು ಅಂತ ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಈ ಹೊಸ ಅಲೆ ಅಂದ್ರೆ ಏನು?

ಪೂರ್ತಿ ಹೆಸರು ‘ನ್ಯೂ ವೇವ್ ಆಫ್ ಬ್ರಿಟಿಷ್ ಹೆವಿ ಮೆಟಲ್’. ಉದ್ದದ ಹೆಸರು. ಅದಕ್ಕೆ ಇಲ್ಲಿ ಹೊಸ ಅಲೆ ಅಂತಲೇ ಕರೆಯುತ್ತೇನೆ.

1970ರ ದಶಕದ ಕೊನೆಗೆ ಬ್ರಿಟನ್ನಿನ ಹಳೇ ಹೆವಿ ಬ್ಯಾಂಡುಗಳು ಸುಸ್ತಾಗಿದ್ದವು. ಡೀಪ್ ಪರ್ಪಲ್ 1976ರಲ್ಲೇ ಒಡೆದಿತ್ತು. 1979ರಲ್ಲಿ ಬ್ಲ್ಯಾಕ್ ಸಬ್ಬತ್ ತನ್ನ ಗಾಯಕ ಆಝಿ ಆಸ್ಬರ್ನ್ ಅವರನ್ನು ಹೊರಗೆ ಹಾಕಿತು. ಸಂಗೀತ ಪತ್ರಿಕೆಗಳ ತುಂಬಾ ಪಂಕ್ ಅನ್ನುವ ಸರಳ, ಒರಟು ರಾಕ್‌ನದ್ದೇ ಸುದ್ದಿ. ಆದರೆ ಸಣ್ಣ ಊರುಗಳ ಹುಡುಗರು ಉದ್ದ ಕೂದಲನ್ನೂ ಕತ್ತರಿಸಲಿಲ್ಲ, ಗಿಟಾರ್ ಸೋಲೋವನ್ನೂ ಬಿಡಲಿಲ್ಲ. ಪೂರ್ವ ಲಂಡನ್ನಿನಿಂದ ಐರನ್ ಮೇಡನ್ ಬಂತು. ಬಾರ್ನ್ಸ್ಲಿಯಿಂದ ಸ್ಯಾಕ್ಸನ್, ಶೆಫೀಲ್ಡಿನಿಂದ ಡೆಫ್ ಲೆಪರ್ಡ್, ಸ್ಟೌರ್‌ಬ್ರಿಜ್‌ನಿಂದ ಡೈಮಂಡ್ ಹೆಡ್, ನ್ಯೂಕ್ಯಾಸಲ್ ಕಡೆಯಿಂದ ವೆನಮ್ ಮತ್ತು ರೇವನ್ ಬಂದವು. ಹೆಚ್ಚಿನವು ಕಲ್ಲಿದ್ದಲು ತೆಗೆಯುವ, ಉಕ್ಕು ಕಾಯಿಸುವ, ಹಡಗು ಕಟ್ಟುವ ಊರುಗಳು. 1980ರ ಶುರುವಿನಲ್ಲಿ ಅಲ್ಲಿ ಉಕ್ಕು ಕಾರ್ಮಿಕರ ದೊಡ್ಡ ಮುಷ್ಕರವೇ ನಡೆಯಿತು. 1982ರ ಜನವರಿಗೆ ಬ್ರಿಟನ್ನಿನಲ್ಲಿ ಕೆಲಸವಿಲ್ಲದವರ ಸಂಖ್ಯೆ 30 ಲಕ್ಷ ದಾಟಿತು. ಅಪ್ಪ ಹೋಗುತ್ತಿದ್ದ ಕಾರ್ಖಾನೆಗೆ ತಾನೂ ಹೋಗುತ್ತೇನೆ ಅನ್ನುವ ನಂಬಿಕೆ ಆ ಹುಡುಗರಿಗೆ ಉಳಿದಿರಲಿಲ್ಲ.

ಹೆಸರು ಇಟ್ಟಿದ್ದು ಪತ್ರಿಕೆಯವರಂತೆ. ಹಾಗಾದ್ರೆ ಇದು ಸುಮ್ನೆ ಕಟ್ಟಿದ ಕಥೆ ಅಲ್ವಾ?

ಹೆಸರು ಪತ್ರಿಕೆಯದ್ದು, ಅದು ನಿಜ. 1979ರ ಮೇ 8ರಂದು ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಮ್ಯೂಸಿಕ್ ಮೆಷಿನ್ ಅನ್ನುವ ಜಾಗದಲ್ಲಿ ಒಂದು ಶೋ ಆಯಿತು. ಏಂಜೆಲ್ ವಿಚ್, ಐರನ್ ಮೇಡನ್, ಸ್ಯಾಮ್ಸನ್ ಮೂರೂ ಒಂದೇ ರಾತ್ರಿ ನುಡಿಸಿದವು. ‘ಸೌಂಡ್ಸ್’ ವಾರಪತ್ರಿಕೆಗೆ ಜೆಫ್ ಬಾರ್ಟನ್ ಅದರ ಬಗ್ಗೆ ಬರೆದರು. ಸಂಪಾದಕ ಆಲನ್ ಲೂಯಿಸ್ ಕೊಟ್ಟ ತಲೆಬರಹದಲ್ಲಿ ಈ ಹೆಸರಿತ್ತು. ಆ ಮೂರು ಬ್ಯಾಂಡುಗಳ ಸಂಗೀತ ಒಂದೇ ಥರ ಇರಲಿಲ್ಲ ಅನ್ನುವುದೂ ಸರಿ.

ಆದರೆ ಹೆಸರು ಬರುವ ಮುಂಚೆಯೇ ಜನ ಸೇರಿದ್ದರು. ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ‘ಪ್ರಿನ್ಸ್ ಆಫ್ ವೇಲ್ಸ್’ ಅನ್ನುವ ಪಬ್ ಇತ್ತು. ಅದಕ್ಕೆ ಅಂಟಿಕೊಂಡ ಒಂದು ಹಾಲಿನಲ್ಲಿ ನೀಲ್ ಕೇ ಅನ್ನುವ ಡಿಜೆ ಬರೀ ಹೆವಿ ಮೆಟಲ್ ರೆಕಾರ್ಡುಗಳನ್ನೇ ಹಾಕುತ್ತಿದ್ದರು. ಬಂದವರು ಯಾವ ಹಾಡು ಹಾಕಿ ಅಂತ ಕೇಳುತ್ತಾರೋ ಅದನ್ನೆಲ್ಲ ಲೆಕ್ಕ ಹಾಕಿ ಒಂದು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ ‘ಸೌಂಡ್ಸ್’ನಲ್ಲಿ ಅಚ್ಚಾಗುತ್ತಿತ್ತು. ಅಲ್ಲಿಗೆ ಬರುವ ಹುಡುಗರಲ್ಲಿ ಕೆಲವರು ಹಾರ್ಡ್‌ಬೋರ್ಡ್ ಕತ್ತರಿಸಿ ಗಿಟಾರಿನ ಆಕಾರ ಮಾಡಿಕೊಂಡು ತರುತ್ತಿದ್ದರು. ತಂತಿ ಇಲ್ಲ, ಸದ್ದಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ಸೋಲೋದ ಒಂದೊಂದು ಸ್ವರಕ್ಕೂ ಬೆರಳು ಆಡಿಸುತ್ತಿದ್ದರು. ಮನೆಯಲ್ಲಿ ಕೂತು ಹಲಗೆ ಕೊಯ್ದು, ಬಣ್ಣ ಬಳಿದು, ಶನಿವಾರ ಬಸ್ಸಿನಲ್ಲಿ ಹೊತ್ತು ತರುವಷ್ಟು ಪ್ರೀತಿಯನ್ನು ಯಾವ ಪತ್ರಿಕೆಯೂ ಹುಟ್ಟಿಸಲು ಆಗುವುದಿಲ್ಲ. ಹೀಗೆ ಒಂದು ಹೆಸರಿಗಾಗಿ ಕಾಯುತ್ತಿದ್ದ ಗುಂಪಿಗೆ ಪತ್ರಿಕೆ ಹೆಸರು ಕೊಟ್ಟಿತು.

ಬ್ಲ್ಯಾಕ್ ಸಬ್ಬತ್, ಜೂಡಸ್ ಪ್ರೀಸ್ಟ್, ಮೋಟರ್‌ಹೆಡ್ ಇದರಲ್ಲಿ ಸೇರುತ್ತವಾ?

ಇಲ್ಲ. ಮೊದಲೆರಡು ಹಿಂದಿನ ತಲೆಮಾರು, ಬರ್ಮಿಂಗ್‌ಹ್ಯಾಮ್ ಕಡೆಯವು. ಹೊಸ ಅಲೆಯ ಹುಡುಗರು ಅವರನ್ನು ಕೇಳಿಯೇ ಬೆಳೆದವರು. ಮೋಟರ್‌ಹೆಡ್ ಎರಡಕ್ಕೂ ನಡುವಿನ ಸೇತುವೆ. ಪಂಕ್‌ನವರೂ ಅವರನ್ನು ಒಪ್ಪಿಕೊಂಡಿದ್ದರು, ಮೆಟಲ್‌ನವರೂ ಒಪ್ಪಿಕೊಂಡಿದ್ದರು.

ಪಂಕ್‌ನ ಋಣ ಇದೆಯಾ ಇಲ್ವಾ?

ಸಂಗೀತದಲ್ಲಿ ಎಷ್ಟಿದೆ ಅನ್ನುವುದು ಜಗಳದ ವಿಷಯ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್‌ಗೆ ಪಂಕ್ ಕಂಡರೆ ಆಗುತ್ತಿರಲಿಲ್ಲ. ಅದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ಆದರೆ ಕೆಲಸ ಮಾಡುವ ರೀತಿಯಲ್ಲಿ ಋಣ ಖಂಡಿತ ಇದೆ. ದೊಡ್ಡ ಕಂಪನಿ ಬಂದು ಕರೆಯಲಿ ಅಂತ ಕಾಯಬೇಕಿಲ್ಲ, ನಾವೇ ರೆಕಾರ್ಡ್ ಅಚ್ಚು ಹಾಕಿಸಿ ಮಾರಬಹುದು ಅನ್ನುವ ಧೈರ್ಯ ಆ ಕಾಲದ ಗಾಳಿಯಲ್ಲಿತ್ತು.

ಡೆಫ್ ಲೆಪರ್ಡ್ 1979ರ ಶುರುವಿನಲ್ಲೇ ತನ್ನದೇ ಲೇಬಲ್‌ನಲ್ಲಿ ಮೂರು ಹಾಡಿನ ಇಪಿ, ಅಂದರೆ ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್, ತಂದಿತು. ಐರನ್ ಮೇಡನ್ 1978ರ ಕೊನೆಯ ಎರಡು ದಿನಗಳಲ್ಲಿ ಕೇಂಬ್ರಿಜ್‌ನ ಒಂದು ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿತು. ಆ ಕ್ಯಾಸೆಟ್ ನೀಲ್ ಕೇ ಕೈಗೆ ಹೋಯಿತು. ಅವರು ಅದನ್ನು ಹಾಕಿದರು, ಹುಡುಗರು ಮತ್ತೆ ಮತ್ತೆ ಕೇಳಿದರು, ಡೆಮೊ ಹಾಡೊಂದು ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಮೇಡನ್‌ನವರು ಆ ನಾಲ್ಕರಲ್ಲಿ ಮೂರು ಹಾಡುಗಳನ್ನು ಆರಿಸಿ, 1979ರ ನವೆಂಬರಿನಲ್ಲಿ ‘ದ ಸೌಂಡ್‌ಹೌಸ್ ಟೇಪ್ಸ್’ ಅಂತ 5,000 ಪ್ರತಿ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದರು. ಇವತ್ತು ಸಂಗ್ರಹಕಾರರು ಇದಕ್ಕೆ ಜೀವ ಬಿಡುತ್ತಾರೆ.

ಕೇಳಿದ ತಕ್ಷಣ ಗುರುತು ಹಿಡಿಯೋದು ಹೇಗೆ?

ಮೂರು ವಿಷಯ ಗಮನಿಸಿ. ಒಂದು, ಎರಡು ಗಿಟಾರುಗಳು ಸೇರಿ ಒಂದೇ ರಾಗವನ್ನು ಬೇರೆ ಬೇರೆ ಸ್ವರದಲ್ಲಿ ಜೊತೆಗೆ ನುಡಿಸುತ್ತವೆ, ಅಣ್ಣ ತಮ್ಮ ಇಬ್ಬರೂ ಒಂದೇ ಹಾಡನ್ನು ಮೇಲೆ ಕೆಳಗೆ ಹಿಡಿದು ಹಾಡಿದ ಹಾಗೆ. ಇದನ್ನು ವಿಶ್‌ಬೋನ್ ಆ್ಯಶ್ ಮತ್ತು ಥಿನ್ ಲಿಝಿ ಮೊದಲೇ ಮಾಡಿದ್ದವು. ಹೊಸ ಅಲೆಯವರು ಅದರ ವೇಗ ಹೆಚ್ಚಿಸಿದರು. ಎರಡು, ಬ್ಲೂಸ್ ಕಡಿಮೆಯಾಯಿತು. ಸಬ್ಬತ್, ಲೆಡ್ ಜೆಪ್ಲಿನ್‌ಗಳಲ್ಲಿದ್ದ ಆ ತೂಗಾಟ ಹೋಗಿ, ನೇರವಾಗಿ ಮುನ್ನುಗ್ಗುವ ಓಟ ಬಂತು. ಮೂರು, ಕುದುರೆ ಓಟದ ತಾಳ. ಮೇಜಿನ ಮೇಲೆ ಬೆರಳಿನಿಂದ ‘ತಾ-ತಕ, ತಾ-ತಕ, ತಾ-ತಕ’ ಅಂತ ಬಡಿದು ನೋಡಿ. ಅದೇ. ಸ್ಟೀವ್ ಹ್ಯಾರಿಸ್ ಇದನ್ನು ಬೇಸ್ ಗಿಟಾರಿನಲ್ಲಿ ಪಿಕ್ ಹಿಡಿಯದೆ ಬರಿಗೈ ಬೆರಳಿನಲ್ಲೇ ನುಡಿಸುತ್ತಾರೆ. ತಂತಿ ಫಲಕಕ್ಕೆ ತಾಗಿ ಬರುವ ಟಣ್ ಅನ್ನುವ ಸದ್ದು ರೆಕಾರ್ಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಆದರೆ ಎಲ್ಲ ಬ್ಯಾಂಡುಗಳೂ ಹೀಗೇ ಅಂತಿಲ್ಲ. ವಿಚ್‌ಫೈಂಡರ್ ಜನರಲ್ ಕೇಳಿದರೆ ನಿಧಾನ, ಭಾರ, ಪೂರ್ತಿ ಸಬ್ಬತ್ ದಾರಿ.

ಐರನ್ ಮೇಡನ್ ಒಂದೇ ಸಾಕು, ಮಿಕ್ಕವರೆಲ್ಲ ಲೆಕ್ಕಕ್ಕಿಲ್ಲ ಅಂತಾರೆ. ನಿಜಾನಾ?

ಮೇಡನ್ ಮೇಲೆ ನನಗಿರುವ ಪ್ರೀತಿ ಕಡಿಮೆಯದಲ್ಲ. 1980ರ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಮ್ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಬಂತು. ಸ್ಯಾಮ್ಸನ್‌ನಿಂದ ಬ್ರೂಸ್ ಡಿಕಿನ್ಸನ್ ಬಂದು ಸೇರಿದ ಮೇಲೆ, 1982ರ ‘ದ ನಂಬರ್ ಆಫ್ ದ ಬೀಸ್ಟ್’ 1ನೇ ಸ್ಥಾನ ಹಿಡಿಯಿತು. ಅಲ್ಲಿಂದ ಇಲ್ಲಿಯ ತನಕ ಅವರು ಅಲೆಯನ್ನು ಹೊತ್ತು ತಿರುಗಿದ್ದಾರೆ.

ಆದರೂ ಈ ಮಾತನ್ನು ಒಪ್ಪುವುದಿಲ್ಲ. ಮೇಡನ್ ಹಾಡುಗಳನ್ನು ಬರೆದ ರೀತಿ ಎಷ್ಟು ವಿಶೇಷ ಅಂದರೆ, ಅದನ್ನು ಅನುಸರಿಸಿದವರು ಬಹುತೇಕ ಮೇಡನ್‌ನ ನಕಲಾಗಿಯೇ ಉಳಿದರು. ಮುಂದಿನ ಮೆಟಲ್ ಬೆಳೆದಿದ್ದು ಜಾಸ್ತಿ ಅಲೆಯ ಅಂಚಿನಲ್ಲಿದ್ದ ಚಿಕ್ಕವರಿಂದ. 1980ರಲ್ಲಿ ಸ್ಯಾಕ್ಸನ್‌ನ ‘ವೀಲ್ಸ್ ಆಫ್ ಸ್ಟೀಲ್’ ಕೂಡ 5ನೇ ಸ್ಥಾನಕ್ಕೆ ಬಂದಿತ್ತು. ಅದೇ ವರ್ಷ ಡಾನಿಂಗ್ಟನ್‌ನಲ್ಲಿ ನಡೆದ ಮೊದಲ ‘ಮಾನ್ಸ್‌ಟರ್ಸ್ ಆಫ್ ರಾಕ್’ ಉತ್ಸವದಲ್ಲಿ ಅಲೆಯ ಪರವಾಗಿ ವೇದಿಕೆ ಹತ್ತಿದ್ದು ಸ್ಯಾಕ್ಸನ್. ಅದನ್ನೆಲ್ಲ ಮರೆತು ಒಂದೇ ಹೆಸರು ಹೇಳುವುದು ನ್ಯಾಯ ಅನ್ನಿಸುವುದಿಲ್ಲ.

ಡೆಫ್ ಲೆಪರ್ಡ್ ಒಳಗಾ, ಹೊರಗಾ?

ಹುಟ್ಟಿದ್ದು ಒಳಗೆ, ಬೆಳೆದಿದ್ದು ಹೊರಗೆ. ಗಾಯಕ ಜೋ ಎಲಿಯಟ್ ಈ ಹಣೆಪಟ್ಟಿ ಬೇಡ ಅಂತ ಎಷ್ಟೋ ಸಲ ಹೇಳಿದ್ದಾರೆ. 1980ರಲ್ಲೇ ‘ಹಲೋ ಅಮೆರಿಕ’ ಅನ್ನುವ ಸಿಂಗಲ್ ತಂದರು. ಇವರು ಅಮೆರಿಕದ ಕಡೆ ವಾಲಿದರು ಅಂತ ಊರಿನ ಅಭಿಮಾನಿಗಳಿಗೆ ಸಿಟ್ಟು ಬಂತು. ಆ ವರ್ಷ ರೆಡಿಂಗ್ ಉತ್ಸವದಲ್ಲಿ ವೇದಿಕೆಗೆ ಡಬ್ಬಿ, ಬಾಟಲಿ ಎಸೆದರು. ಮುಂದೆ 1983ರ ‘ಪೈರೋಮೇನಿಯಾ’ ಅಮೆರಿಕದಲ್ಲಿ ಕೋಟಿ ಪ್ರತಿ ದಾಟಿತು.

ಬಾಟಲಿ ಎಸೆದವರ ಪಕ್ಷ ನಾನು ವಹಿಸುವುದಿಲ್ಲ. ಇಪ್ಪತ್ತು ತುಂಬುವ ಮೊದಲೇ ದೂರ ಹೋಗಬೇಕು ಅಂತ ಆಸೆ ಪಟ್ಟ ಹುಡುಗರು ಅವರು. 1984ರ ಡಿಸೆಂಬರ್ 31ರಂದು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಡ್ರಮ್ಮರ್ ರಿಕ್ ಆ್ಯಲೆನ್ ಅವರನ್ನು ಬ್ಯಾಂಡು ಬಿಟ್ಟುಕೊಡಲಿಲ್ಲ. ಅವರು ಕಾಲಿನಲ್ಲಿ ಪೆಡಲ್ ಒತ್ತಿ ನುಡಿಸುವ ಡ್ರಮ್ ಮಾಡಿಸಿಕೊಂಡು ಬರುವ ತನಕ ಕಾದರು. ಅಂಥವರನ್ನು ದ್ರೋಹಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಡೈಮಂಡ್ ಹೆಡ್ ಹೆಸರು ಯಾಕೆ ಇಷ್ಟು ಕೇಳಿಬರುತ್ತೆ? ಹಿಟ್ ಹಾಡೇ ಇಲ್ವಲ್ಲ?

ಈ ಪ್ರಶ್ನೆಗಾಗಿಯೇ ಮಿಕ್ಕಿದ್ದೆಲ್ಲ ಬರೆದೆ ಅಂದರೂ ತಪ್ಪಿಲ್ಲ.

ನನ್ನ ಕಥೆಯಿಂದ ಶುರು ಮಾಡುತ್ತೇನೆ. ದೊಡ್ಡಪ್ಪನ ಮಗ ಬೆಂಗಳೂರಿನಿಂದ ಮೈಸೂರಿಗೆ ಬಂದಾಗ ನನಗೊಂದು ಕ್ಯಾಸೆಟ್ ಕೊಟ್ಟ. ಬೇರೆ ಕ್ಯಾಸೆಟ್‌ನಿಂದ ಕಾಪಿ ಮಾಡಿದ್ದು. ಚೀಟಿಯ ಮೇಲೆ ನೀಲಿ ಬಾಲ್ ಪೆನ್ನಿನಲ್ಲಿ ಎ ಸೈಡ್ ಮೇಡನ್, ಬಿ ಸೈಡ್ ಮೆಟಾಲಿಕಾ ಅಂತ ಇಷ್ಟೇ ಬರೆದಿತ್ತು. ಬಿ ಸೈಡಿನ ಮೊದಲ ಹಾಡು ‘ಹೆಲ್ಪ್‌ಲೆಸ್’. ಆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ಅದು ಮೆಟಾಲಿಕಾ ಬರೆದ ಹಾಡು ಅಂತಲೇ ನಂಬಿದ್ದೆ. ಅದು ಸ್ಟೌರ್‌ಬ್ರಿಜ್‌ನ ನಾಲ್ಕು ಹುಡುಗರದ್ದು ಅಂತ ಗೊತ್ತಾದ ದಿನ ನನಗೆ ನಿಜವಾಗಿ ಬೇಜಾರಾಯಿತು. ಇಷ್ಟು ದಿನ ಬೇರೆಯವರಿಗೆ ಕೈ ಮುಗಿದಿದ್ದೆನಲ್ಲ ಅಂತ.

ಡೈಮಂಡ್ ಹೆಡ್ ಶುರುವಾಗಿದ್ದು 1976ರಲ್ಲಿ. ಗಿಟಾರ್ ಬ್ರಯನ್ ಟ್ಯಾಟ್ಲರ್, ಹಾಡುಗಾರಿಕೆ ಶಾನ್ ಹ್ಯಾರಿಸ್. ಬ್ಯಾಂಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದವರಲ್ಲಿ ಶಾನ್ ಅವರ ತಾಯಿಯೂ ಒಬ್ಬರು. ದೊಡ್ಡ ಕಂಪನಿ ಒಪ್ಪಂದ ಸಿಗಲಿಲ್ಲ. 1980ರಲ್ಲಿ ವೂಸ್ಟರ್‌ನ ಒಂದು ಸ್ಟುಡಿಯೋದಲ್ಲಿ ಏಳು ದಿನದಲ್ಲಿ ಏಳು ಹಾಡು ಮುಗಿಸಿದರು. 1,000 ಪ್ರತಿ ಅಚ್ಚು ಹಾಕಿಸಿದರು. ಹೊದಿಕೆಗೆ ಚಿತ್ರ ಬರೆಸಲಿಲ್ಲ. ಬರೀ ಬಿಳಿ ರಟ್ಟು. ಆಲ್ಬಮ್ ಹೆಸರಿಲ್ಲ, ಹಾಡುಗಳ ಪಟ್ಟಿಯಿಲ್ಲ. ಒಂದೊಂದು ಪ್ರತಿಯ ಮೇಲೂ ಬ್ಯಾಂಡಿನವರಲ್ಲಿ ಒಬ್ಬರು ಪೆನ್ನಿನಲ್ಲಿ ಸಹಿ ಹಾಕಿದರು. ‘ಸೌಂಡ್ಸ್’ನಲ್ಲಿ ಒಂದು ಜಾಹೀರಾತು ಹಾಕಿ ಮೂರೂವರೆ ಪೌಂಡಿಗೆ ಅಂಚೆಯಲ್ಲಿ ಮಾರಿದರು.

ಆ ಬಿಳಿ ರಟ್ಟಿನೊಳಗೆ ‘ಆ್ಯಮ್ ಐ ಈವಿಲ್?’ ಇತ್ತು. ‘ಹೆಲ್ಪ್‌ಲೆಸ್’ ಇತ್ತು. ‘ದ ಪ್ರಿನ್ಸ್’ ಇತ್ತು. ಒಂದು ಹಾಡಿಗೆ ಒಂದು ರಿಫ್ ಸಾಕು ಅಂತ ಬೇರೆಯವರು ಅಂದುಕೊಂಡಿದ್ದ ಕಾಲದಲ್ಲಿ ಟ್ಯಾಟ್ಲರ್ ಒಂದೇ ಹಾಡಿನಲ್ಲಿ ನಾಲ್ಕೈದು ರಿಫ್ ಪೋಣಿಸುತ್ತಿದ್ದರು. ನಿಧಾನಕ್ಕೆ ಶುರುವಾಗಿ, ತಿರುವು ತಗೊಂಡು, ಓಟಕ್ಕೆ ಬಿದ್ದು, ಮತ್ತೆ ಮೊದಲಿನ ಜಾಗಕ್ಕೆ ಬರುವ ಕಟ್ಟಡ ಅದು. ಮುಂದೆ ಬಂದ, ಇನ್ನೂ ವೇಗದ ಥ್ರ್ಯಾಶ್ ಮೆಟಲ್ ಹಾಡುಗಳ ನಕ್ಷೆ ಪೂರ್ತಿ ಅಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿದ್ದ ಡೆನ್ಮಾರ್ಕಿನ ಹುಡುಗ ಲಾರ್ಸ್ ಉಲ್ರಿಕ್ ಕೈಗೆ ಈ ಸಂಗೀತ ಸಿಕ್ಕಿತು. 1981ರ ಬೇಸಿಗೆಯಲ್ಲಿ, ಹದಿನೇಳನೇ ವಯಸ್ಸಿಗೆ, ವಿಮಾನ ಹತ್ತಿ ಇಂಗ್ಲೆಂಡಿಗೆ ಬಂದ. ಲಂಡನ್ನಿನ ವುಲಿಚ್‌ನಲ್ಲಿ ಶೋ ನೋಡಿ, ಸೀದಾ ಬ್ಯಾಂಡಿನವರ ಬಳಿ ಹೋಗಿ ಮಾತಾಡಿಸಿದ. ಅವರು ಮನೆಗೇ ಕರೆದುಕೊಂಡು ಹೋದರು. ಟ್ಯಾಟ್ಲರ್ ಮನೆಯಲ್ಲಿ ನೆಲದ ಮೇಲೆ ಮಲಗಿದ, ಶಾನ್ ಮನೆಯಲ್ಲಿ ಉಳಿದ, ವಾರಗಟ್ಟಲೆ ಅಲ್ಲೇ ಇದ್ದ. ವಾಪಸ್ ಹೋಗಿ ಅದೇ ವರ್ಷ ಮೆಟಾಲಿಕಾ ಶುರು ಮಾಡಿದ.

ಡೈಮಂಡ್ ಹೆಡ್‌ಗೆ ಮಾತ್ರ ಅದೃಷ್ಟ ಕೂಡಿ ಬರಲಿಲ್ಲ. ದೊಡ್ಡ ಕಂಪನಿ ಸಿಕ್ಕಿದ ಮೇಲೆ 1983ರಲ್ಲಿ ಬಂದ ‘ಕ್ಯಾಂಟರ್ಬರಿ’ಯ ಮೊದಲ 20,000 ಪ್ರತಿಗಳ ಅಚ್ಚಿನಲ್ಲೇ ದೋಷವಿತ್ತು. ಹಾಕಿದರೆ ಸೂಜಿ ಹಾರುತ್ತಿತ್ತು. ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದ ಅಭಿಮಾನಿಗೆ ಹೇಗಾಗಿರಬೇಕು! 1985ಕ್ಕೆ ಬ್ಯಾಂಡು ನಿಂತಿತು. ಆಮೇಲೆ ಮತ್ತೆ ಕೂಡಿದರು, ಒಡೆದರು, ಮತ್ತೆ ಕೂಡಿದರು. ಟ್ಯಾಟ್ಲರ್ ಈಗ ಸ್ಯಾಕ್ಸನ್‌ನಲ್ಲೂ ನುಡಿಸುತ್ತಿದ್ದಾರೆ. ಒಂದೇ ಅಲೆಯ ಎರಡು ದೋಣಿಯಲ್ಲಿ ಅದೇ ಮನುಷ್ಯ.

ಮೆಟಾಲಿಕಾ ಇಲ್ಲದಿದ್ರೆ ಇವರೆಲ್ಲ ಯಾರಿಗೂ ನೆನಪಿರ್ತಿರಲಿಲ್ಲ, ಅಲ್ವಾ?

ಅರ್ಧ ಸತ್ಯ. 1984ರಲ್ಲಿ ಮೆಟಾಲಿಕಾದವರು ಅಲೆಯ ಹಾಡುಗಳಾದ ‘ಆ್ಯಮ್ ಐ ಈವಿಲ್?’ ಮತ್ತು ‘ಬ್ಲಿಟ್ಸ್‌ಕ್ರೀಗ್’ ನುಡಿಸಿದರು. 1987ರಲ್ಲಿ ‘ಹೆಲ್ಪ್‌ಲೆಸ್’ ಜೊತೆಗೆ ಎಡಿನ್‌ಬರೋದ ಹಾಲೊಕಾಸ್ಟ್ ಬ್ಯಾಂಡಿನ ಹಾಡೂ ಬಂತು. ಬೆಲ್‌ಫಾಸ್ಟ್‌ನ ಸ್ವೀಟ್ ಸ್ಯಾವೇಜ್‌ನ ಹಾಡನ್ನೂ ಬಿಡಲಿಲ್ಲ. 1990ರಲ್ಲಿ ಲಾರ್ಸ್, ಜೆಫ್ ಬಾರ್ಟನ್ ಇಬ್ಬರೂ ಸೇರಿ ಅಲೆಯ ಮರೆತುಹೋದ ಹಾಡುಗಳ ಸಂಕಲನವನ್ನೇ ತಂದರು. ಮೆಟಾಲಿಕಾ ತನ್ನ ಹಾಡು ನುಡಿಸಿದ್ದಕ್ಕೆ ಬಂದ ರಾಯಲ್ಟಿ ತನಗೆ ಆಸರೆಯಾಯಿತು ಅಂತ ಟ್ಯಾಟ್ಲರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಮೆಟಾಲಿಕಾ ಈ ವಿಷಯದಲ್ಲಿ ದೊಡ್ಡ ಮನಸ್ಸು ತೋರಿಸಿದೆ, ಅದನ್ನು ಒಪ್ಪಲೇಬೇಕು.

ಆದರೆ ಪ್ರಶ್ನೆಯನ್ನು ತಿರುಗಿಸಿ ನೋಡಿ. ಆ ಬಿಳಿ ರಟ್ಟಿನ ರೆಕಾರ್ಡ್ ಇಲ್ಲದಿದ್ದರೆ ಮೆಟಾಲಿಕಾ ಹೇಗಿರುತ್ತಿತ್ತು? 2010ರ ಜೂನ್‌ನಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಅನ್ನುವ ಅಮೆರಿಕದ ನಾಲ್ಕೂ ದೊಡ್ಡ ಥ್ರ್ಯಾಶ್ ಬ್ಯಾಂಡಿನವರು ಒಂದೇ ವೇದಿಕೆಯಲ್ಲಿ ನಿಂತರು. ಎಲ್ಲರೂ ಸೇರಿ ಯಾವ ಹಾಡು ನುಡಿಸೋಣ ಅಂದಾಗ ಆರಿಸಿದ್ದು ತಮ್ಮ ಯಾವ ಹಾಡನ್ನೂ ಅಲ್ಲ, ‘ಆ್ಯಮ್ ಐ ಈವಿಲ್?’. ಪರಂಪರೆ ಯಾವುದು ಅಂತ ಕೇಳುವವರಿಗೆ ನಾನು ಆ ವಿಡಿಯೋ ತೋರಿಸುತ್ತೇನೆ.

ವೆನಮ್‌ನವರಿಗೆ ನುಡಿಸೋಕೇ ಬರ್ತಿರಲಿಲ್ಲ ಅಂತಾರೆ?

ತಾಳ ತಪ್ಪುತ್ತದೆ, ಸದ್ದು ಮಸುಕು, ನಿಜ. 1981ರ ‘ವೆಲ್‌ಕಮ್ ಟು ಹೆಲ್’ ಮೂರೇ ದಿನದಲ್ಲಿ ರೆಕಾರ್ಡ್ ಆಗಿದ್ದು, ಅದೂ ಡೆಮೊ ಅಂದುಕೊಂಡು. ತಂದಿದ್ದು ಟೈನ್ ನದಿ ದಡದ ವಾಲ್ಸೆಂಡ್‌ನ ನೀಟ್ ರೆಕಾರ್ಡ್ಸ್ ಅನ್ನುವ ಪುಟ್ಟ ಲೇಬಲ್. ಆದರೆ ಮುಂದಿನ ವರ್ಷದ ಅವರ ಆಲ್ಬಮ್‌ನ ಹೆಸರು ‘ಬ್ಲ್ಯಾಕ್ ಮೆಟಲ್’. ಆಮೇಲೆ ನಾರ್ವೆಯಲ್ಲಿ ಬೆಳೆದ ಇಡೀ ಪ್ರಕಾರಕ್ಕೆ ಆ ಹೆಸರೇ ನಿಂತಿತು. ನಾರ್ವೆಯ ಮೇಹೆಮ್ ಬ್ಯಾಂಡಿನ ಹೆಸರು ಕೂಡ ವೆನಮ್ ಹಾಡಿನಿಂದ ಬಂದಿದ್ದು. ಚೊಕ್ಕವಾಗಿ ನುಡಿಸಿದ ಎಷ್ಟೋ ಬ್ಯಾಂಡುಗಳಿಗೆ ಈ ಭಾಗ್ಯ ಸಿಗಲಿಲ್ಲ.

ಹೆಣ್ಣುಮಕ್ಕಳು ಇದ್ರಾ?

ಇದ್ದರು, ಕಡಿಮೆ. ದಕ್ಷಿಣ ಲಂಡನ್ನಿನ ಗರ್ಲ್‌ಸ್ಕೂಲ್ ಎಲ್ಲರಿಗಿಂತ ಮುಂದೆ. ನಾಲ್ವರೂ ಹೆಣ್ಣುಮಕ್ಕಳೇ. 1981ರಲ್ಲಿ ಮೋಟರ್‌ಹೆಡ್ ಜೊತೆ ಸೇರಿ ಮಾಡಿದ ಇಪಿ 5ನೇ ಸ್ಥಾನಕ್ಕೆ ಬಂತು. ಮೋಟರ್‌ಹೆಡ್ ಡ್ರಮ್ಮರ್ ಕತ್ತಿಗೆ ಪೆಟ್ಟು ಮಾಡಿಕೊಂಡಿದ್ದರಿಂದ ಅದರಲ್ಲಿ ಡ್ರಮ್ ನುಡಿಸಿದ್ದು ಗರ್ಲ್‌ಸ್ಕೂಲ್‌ನ ಡೆನಿಸ್ ಡುಫೋರ್ಟ್. ಕೆಲ್ಲಿ ಜಾನ್ಸನ್ ಅವರ ಗಿಟಾರ್ ಸೋಲೋಗಳನ್ನು ಕೇಳದೆ ಈ ಅಲೆಯ ಬಗ್ಗೆ ಮಾತಾಡಬೇಡಿ ಅಂತ ನನ್ನ ವಿನಂತಿ. ಅವರು 2007ರಲ್ಲಿ ತೀರಿಕೊಂಡರು.

ಇಷ್ಟು ಬೇಗ ಯಾಕೆ ಮುಗೀತು?

ದೊಡ್ಡ ಕಂಪನಿಗಳು ಅವಸರದಲ್ಲಿ ಬ್ಯಾಂಡುಗಳನ್ನು ಹಿಡಿದವು, ಅಷ್ಟೇ ಅವಸರದಲ್ಲಿ ಕೈಬಿಟ್ಟವು. ಅಮೆರಿಕದಲ್ಲಿ ಒಂದು ಕಡೆ ಥಳುಕಿನ ಮೆಟಲ್, ಇನ್ನೊಂದು ಕಡೆ ಥ್ರ್ಯಾಶ್ ಎದ್ದಿತು. 1983ರಲ್ಲಿ ರೇವನ್ ಅಮೆರಿಕ ಪ್ರವಾಸಕ್ಕೆ ಹೋದಾಗ ಅವರಿಗಿಂತ ಮುಂಚೆ ನುಡಿಸಲು ಬಂದ ಹೊಸ ಹುಡುಗರು ಮೆಟಾಲಿಕಾ. ಗುರುಗಳ ಕಣ್ಣೆದುರೇ ಶಿಷ್ಯರು ಮುಂದೆ ಹೋದರು.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ನಾನು ಅಲ್ಲಿದ್ದೆ. ಗುವಾಹಟಿಯಿಂದ, ಕೊಚ್ಚಿಯಿಂದ ರೈಲಿನಲ್ಲಿ ಬಂದವರು ಮಧ್ಯಾಹ್ನದಿಂದಲೇ ಕ್ಯೂ ನಿಂತಿದ್ದರು. ‘ಫಿಯರ್ ಆಫ್ ದ ಡಾರ್ಕ್’ನ ಶುರುವಿನ ಗಿಟಾರ್ ರಾಗಕ್ಕೆ ಮಾತಿಲ್ಲ. ಆದರೂ ಇಡೀ ಮೈದಾನ ಅದನ್ನು ‘ಓ ಓ ಓ’ ಅಂತ ಹಾಡಿತು. ನನ್ನ ಪಕ್ಕದಲ್ಲಿದ್ದವರು ಐವತ್ತು ದಾಟಿದವರು, ಆಫೀಸಿನ ಇಸ್ತ್ರಿ ಶರ್ಟಿನಲ್ಲೇ ಬಂದಿದ್ದರು. ಕಣ್ಣೊರೆಸಿಕೊಳ್ಳುತ್ತಾ ಹಾಡುತ್ತಿದ್ದರು. ಮೇಡನ್ 2009ರಲ್ಲಿ ಮತ್ತೆ ಅಲ್ಲಿಗೇ ಬಂತು. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂತು.

ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ಕ್ರಿಪ್ಟೋಸ್ ಬ್ಯಾಂಡ್ ಕೇಳಿ. ಜೋಡಿ ಗಿಟಾರು, ನೇರ ಓಟ, ಎಲ್ಲ ಈ ಅಲೆಯಿಂದ ಬಂದ ಬಳುವಳಿ. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಮೊದಲು ಮೇಡನ್‌ನ ಮೊದಲ ಆಲ್ಬಮ್. ಅದರಲ್ಲಿ ‘ಫ್ಯಾಂಟಮ್ ಆಫ್ ದ ಒಪೇರಾ’ ಏಳು ನಿಮಿಷದ ಹಾಡು, ಒಂದು ಸಲ ಬೇಸ್ ಮಾತ್ರ ಹಿಂಬಾಲಿಸಿ ಕೇಳಿ. ಆಮೇಲೆ ಸ್ಯಾಕ್ಸನ್‌ನ ‘ವೀಲ್ಸ್ ಆಫ್ ಸ್ಟೀಲ್’, ಏಂಜೆಲ್ ವಿಚ್‌ನ 1980ರ ಆಲ್ಬಮ್, ಗರ್ಲ್‌ಸ್ಕೂಲ್‌ನ ‘ಹಿಟ್ ಆ್ಯಂಡ್ ರನ್’. ಕೊನೆಗೆ ಡೈಮಂಡ್ ಹೆಡ್‌ನ ಆ ಬಿಳಿ ರೆಕಾರ್ಡ್. ಈಗ ಅದು ‘ಲೈಟ್ನಿಂಗ್ ಟು ದ ನೇಷನ್ಸ್’ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಮೆಟಾಲಿಕಾದ ‘ಹೆಲ್ಪ್‌ಲೆಸ್’ ನಿಮಗೆ ಬಾಯಿಪಾಠವಾಗಿದ್ದರೆ ಇದು ಸ್ವಲ್ಪ ತೆಳು ಅನ್ನಿಸಬಹುದು. ಎರಡನೇ ಸಲ ಸ್ವಲ್ಪ ಜೋರಾಗಿ ಹಾಕಿ.